ಹಾರ್ಟ್ ಅಟ್ಯಾಕ್ ನಂತರ ಸ್ಟೆಮ್ ಸೆಲ್ ಇಂಜೆಕ್ಷನ್: ಸತ್ತ ಸ್ನಾಯು ಮತ್ತೆ ಬೆಳೆಯುತ್ತಾ?

ಪ್ರಶ್ನೆ: ನಮ್ಮ ಅಪ್ಪನಿಗೆ 57 ವರ್ಷ. ಚನ್ನಗಿರಿ ಕಡೆಯ ಹಳ್ಳಿ, ಅಡಿಕೆ ತೋಟ ಇದೆ. ಎರಡು ತಿಂಗಳ ಹಿಂದೆ ಹಾರ್ಟ್ ಅಟ್ಯಾಕ್ ಆಯಿತು. ಗ್ಯಾಸ್ಟ್ರಿಕ್ ಇರಬೇಕು ಅಂತ ಮನೆಯಲ್ಲೇ ಕೂತು, ದೊಡ್ಡಾಸ್ಪತ್ರೆ ಮುಟ್ಟುವಷ್ಟರಲ್ಲಿ ಆರು ಗಂಟೆ ಕಳೆದಿತ್ತು. ಹೃದಯದ ಮುಂಭಾಗಕ್ಕೆ ರಕ್ತ ಒಯ್ಯುವ ಎಲ್‌ಎಡಿ ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ಎಕೋ (ಹೃದಯದ ಸ್ಕ್ಯಾನ್) ವರದಿ, ಡಿಸ್ಚಾರ್ಜ್ ಚೀಟಿ ಎರಡನ್ನೂ ಕಳಿಸಿದ್ದೇನೆ. ಎಕೋದಲ್ಲಿ ಇಎಫ್ 32 ಅಂತ ಇದೆ. ಈಗಲೂ ತೋಟಕ್ಕೆ ನಡೆದು ಹೋದರೆ ಉಸಿರು ಕಟ್ಟುತ್ತದೆ. ಡಾಕ್ಟರನ್ನು ಕೇಳಿದರೆ "ಸತ್ತ ಸ್ನಾಯು ಸತ್ತ ಹಾಗೇ" ಅಂದರು. ಪರಿಚಯದವರೊಬ್ಬರು ಬೇರೆ ಊರಿನ ಒಂದು ಕ್ಲಿನಿಕ್ ಹೇಳಿದ್ದಾರೆ. ಅಲ್ಲಿ ಸ್ಟೆಮ್ ಸೆಲ್ (ಬೇರೆ ಬಗೆಯ ಜೀವಕೋಶವಾಗಿ ಮಾರ್ಪಡಬಲ್ಲ ಮೂಲ ಜೀವಕೋಶ) ಇಂಜೆಕ್ಷನ್ ಮೂರು ಡೋಸಿಗೆ ನಾಲ್ಕೂವರೆ ಲಕ್ಷ. ಆ ಸ್ಟೆಮ್ ಸೆಲ್ ಹೋಗಿ ಹೃದಯದ ಸ್ನಾಯುವಾಗಿ ಮಾರ್ಪಡುತ್ತದೆ ಅಂತ ಅಣ್ಣನಿಗೆ ಹೇಳಿದರಂತೆ. ಇಎಫ್ 45 ದಾಟುತ್ತದೆ ಅಂತ ಬೇರೆ ರೋಗಿಗಳ ಎಕೋ ವರದಿಗಳನ್ನೂ ತೋರಿಸಿದರು. ತೋಟದಲ್ಲಿ ಒಂದು ಭಾಗ ಮಾರೋಣ ಅಂತ ಅಣ್ಣ ಹೇಳುತ್ತಿದ್ದಾನೆ. ಜಪಾನಿನಲ್ಲಿ ಹೃದಯಕ್ಕೆ ಜೀವಕೋಶದ ಹಾಳೆ ಅಂಟಿಸುತ್ತಾರೆ ಅಂತಲೂ ಓದಿದೆ. ಇನ್ನೊಂದು ವಿಷಯ, ಡಿಸ್ಚಾರ್ಜ್ ಚೀಟಿಯಲ್ಲಿದ್ದ ಡಪಾಗ್ಲಿಫ್ಲೋಜಿನ್ ಮಾತ್ರೆ ಶುಗರ್‌ದು ಅಂತ ಮೆಡಿಕಲ್ ಶಾಪಿನವರು ಹೇಳಿದ್ದಕ್ಕೆ ಅಪ್ಪ ಬಿಟ್ಟಿದ್ದಾರೆ, ಅವರಿಗೆ ಶುಗರ್ ಇಲ್ಲ. ನಾವೇನು ಮಾಡೋಣ?

ಉತ್ತರ: ತೋಟ ಮಾರಬೇಡಿ. ಮೊದಲು ಇನ್ನೊಂದು ಎಕೋ ಮಾಡಿಸಿ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ನಿಮ್ಮ ಅಣ್ಣನಿಗೂ ಓದಿ ಹೇಳಿ.

ನೀವು ಕಳಿಸಿದ ವರದಿಯ ತಾರೀಖು ನೋಡಿದೆ. ಅದು ಅಟ್ಯಾಕ್ ಆದ ನಾಲ್ಕನೇ ದಿನ ಮಾಡಿದ ಎಕೋ. ಆಮೇಲೆ ಇನ್ನೊಂದು ಮಾಡಿಸಿದ ಹಾಗೆ ಕಾಣುವುದಿಲ್ಲ. ಆ 32 ಅನ್ನುವ ಅಂಕಿಯನ್ನೇ ಹಿಡಿದುಕೊಂಡು ಇಡೀ ಮನೆ ಎರಡು ತಿಂಗಳಿಂದ ಕೂತಿದೆ, ಅಲ್ವಾ? ಇಎಫ್ ಅಂದರೆ ಹೃದಯದ ಎಡಗಡೆಯ ಕೆಳಕೋಣೆ ತನ್ನೊಳಗೆ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಶೇಕಡಾ ಎಷ್ಟನ್ನು ಹೊರಗೆ ತಳ್ಳುತ್ತದೆ ಅನ್ನುವ ಲೆಕ್ಕ. ಗಟ್ಟಿಮುಟ್ಟಾದ ಹೃದಯದಲ್ಲೂ ಇದು 55ರಿಂದ 70ರ ಆಸುಪಾಸು. ನೂರಕ್ಕೆ ನೂರು ಯಾರಿಗೂ ಇರುವುದಿಲ್ಲ. ಹಾಗಾಗಿ 32 ಅಂದರೆ ಮೂರರಲ್ಲಿ ಒಂದು ಪಾಲು ಹೃದಯ ಮಾತ್ರ ಉಳಿದಿದೆ ಅಂತ ಅರ್ಥವಲ್ಲ.

ವರದಿಯ ಎರಡನೇ ಸಾಲು ನೋಡಿ. ಮುಂದಿನ ಗೋಡೆ ಮತ್ತು ತುದಿಯ ಭಾಗ "ಅಕೈನೆಟಿಕ್", ನಡುಗೋಡೆಯ ಒಂದು ಭಾಗ "ಹೈಪೋಕೈನೆಟಿಕ್" ಅಂತ ಬರೆದಿದ್ದಾರೆ. ಮೊದಲನೆಯದು ಅಲುಗುತ್ತಿಲ್ಲ, ಎರಡನೆಯದು ಕಡಿಮೆ ಅಲುಗುತ್ತಿದೆ ಅಂತ. ಸತ್ತಿದೆ ಅಂತ ಎಲ್ಲೂ ಬರೆದಿಲ್ಲ. ರಕ್ತನಾಳ ಕಟ್ಟಿಕೊಂಡಾಗ ಮಧ್ಯದ ಭಾಗದ ಸ್ನಾಯು ಸಾಯುತ್ತದೆ. ಅದರ ಸುತ್ತಲಿನದು ಬದುಕಿರುತ್ತದೆ, ಆದರೆ ಪೆಟ್ಟು ತಿಂದು ಮಂಕಾಗಿ ಕೆಲಸ ನಿಲ್ಲಿಸಿರುತ್ತದೆ. ನಾಲ್ಕನೇ ದಿನದ ಎಕೋಗೆ ಸತ್ತದ್ದು ಯಾವುದು, ಮಂಕಾಗಿರುವುದು ಯಾವುದು ಅಂತ ಹೇಳಲು ಆಗುವುದಿಲ್ಲ. ಸ್ಟೆಂಟ್ ಹಾಕಿ ರಕ್ತ ಮತ್ತೆ ಹರಿದ ಮೇಲೆ ಈ ಮಂಕಾದ ಸ್ನಾಯು ಕೆಲವು ವಾರಗಳಲ್ಲಿ ತಾನಾಗಿಯೇ ಚೇತರಿಸಿಕೊಳ್ಳುತ್ತದೆ. ಎಷ್ಟು ಚೇತರಿಸುತ್ತದೆ ಅನ್ನುವುದು ಒಬ್ಬೊಬ್ಬರಲ್ಲಿ ಒಂದೊಂದು ಥರ. ನಿಮ್ಮ ಡಾಕ್ಟರು ಹೇಳಿದ್ದು ಸತ್ತ ಸ್ನಾಯುವಿನ ಮಟ್ಟಿಗೆ ನಿಜ. ಎಷ್ಟು ಸತ್ತಿದೆ ಅನ್ನುವುದು ಮಾತ್ರ ಇನ್ನೂ ಗೊತ್ತಾಗಿಲ್ಲ.

ಈಗ ಆ ಕ್ಲಿನಿಕ್ಕಿನವರು ತೋರಿಸಿದ ವರದಿಗಳಿಗೆ ಬನ್ನಿ. ಮೊದಲ ವಾರದ ಎಕೋ ಒಂದು, ಮೂರು ತಿಂಗಳ ನಂತರದ್ದು ಒಂದು. ನಡುವೆ ಇಂಜೆಕ್ಷನ್. ಇಎಫ್ ಏರಿದೆ. ಇಂಜೆಕ್ಷನ್ ಕೊಡದಿದ್ದರೂ ಅವರಲ್ಲಿ ಬಹಳ ಜನಕ್ಕೆ ಏರುತ್ತಿತ್ತು! ತಾನಾಗಿ ಆದ ಚೇತರಿಕೆಗೆ ಬಿಲ್ ಹಾಕುವ ವ್ಯಾಪಾರ ಇದು. ಜೊತೆಗೆ ಎಕೋದಲ್ಲಿ ಇಎಫ್ ಅಳೆಯುವುದರಲ್ಲೇ ನಾಲ್ಕೈದು ಅಂಕಿ ಆಚೀಚೆ ಆಗುತ್ತದೆ. ಒಂದೇ ದಿನ ಇಬ್ಬರು ನೋಡಿದರೆ ಒಬ್ಬರು 32 ಅನ್ನಬಹುದು, ಇನ್ನೊಬ್ಬರು 36 ಅನ್ನಬಹುದು.

ಇದನ್ನು ನಾನು ಊಹೆ ಮಾಡಿ ಹೇಳುತ್ತಿಲ್ಲ. 2006ರಲ್ಲಿ ಜರ್ಮನಿ ಮತ್ತು ಸ್ವಿಟ್ಜರ್ಲೆಂಡಿನಲ್ಲಿ ನಡೆದ ರಿಪೇರ್-ಎಎಂಐ ಅನ್ನುವ ಟ್ರಯಲ್ (ಚಿಕಿತ್ಸೆ ಕೆಲಸ ಮಾಡುತ್ತದಾ ಅಂತ ರೋಗಿಗಳಲ್ಲಿ ನಡೆಸುವ ಪರೀಕ್ಷೆ) ಪ್ರಕಟವಾಯಿತು. ಅಟ್ಯಾಕ್ ಆದ 204 ಜನರ ಮೂಳೆಮಜ್ಜೆ (ಸ್ಟೆಮ್ ಸೆಲ್ ಸಿಗುವ ಜಾಗ) ತೆಗೆದು, ಅರ್ಧದಷ್ಟು ಜನರಿಗೆ ಅವರದೇ ಜೀವಕೋಶಗಳನ್ನು ಹೃದಯದ ರಕ್ತನಾಳಕ್ಕೆ ಬಿಟ್ಟರು, ಉಳಿದವರಿಗೆ ಜೀವಕೋಶ ಇಲ್ಲದ ಬರೀ ದ್ರವ. ನಾಲ್ಕು ತಿಂಗಳಲ್ಲಿ ಜೀವಕೋಶ ಪಡೆದವರ ಇಎಫ್ ಸರಾಸರಿ 5.5 ಅಂಕಿ ಏರಿತು. ಬರೀ ದ್ರವ ಪಡೆದವರದ್ದೂ 3 ಅಂಕಿ ಏರಿತು. ಅಂದರೆ ಜೀವಕೋಶದ ಲೆಕ್ಕಕ್ಕೆ ಹಾಕಬಹುದಾದದ್ದು ಎರಡೂವರೆ ಅಂಕಿ. ಆಗ ಅದನ್ನೇ ದೊಡ್ಡ ಸುದ್ದಿ ಮಾಡಿದರು. ಅದಕ್ಕೂ ಮೊದಲು ಹ್ಯಾನೋವರ್‌ನಲ್ಲಿ 60 ಜನರ ಮೇಲೆ ನಡೆದ ಬೂಸ್ಟ್ ಟ್ರಯಲ್‌ನಲ್ಲಿ ಆರು ತಿಂಗಳಿಗೆ ಆರು ಅಂಕಿಯಷ್ಟು ವ್ಯತ್ಯಾಸ ಕಂಡಿತ್ತು. ಹದಿನೆಂಟು ತಿಂಗಳಿಗೆ ನೋಡಿದರೆ ಎರಡೂ ಗುಂಪು ಹತ್ತಿರ ಹತ್ತಿರ ಬಂದಿದ್ದವು.

ಇಎಫ್ ಬಿಡಿ, ಜೀವ ಉಳಿಯುತ್ತದಾ ಅಂತ ನೋಡೋಣ ಎಂದು ಯುರೋಪಿನಲ್ಲಿ ಬಾಮಿ ಅನ್ನುವ ಟ್ರಯಲ್ ಶುರುವಾಯಿತು. 3000 ಜನರನ್ನು ಸೇರಿಸುವ ಯೋಜನೆ, ಸೇರಿದ್ದು 375. 2020ರಲ್ಲಿ ಬಂದ ಫಲಿತಾಂಶ: ಎರಡು ವರ್ಷದಲ್ಲಿ ಸಾವು ಜೀವಕೋಶ ಪಡೆದವರಲ್ಲಿ ಶೇ 3.26, ಪಡೆಯದವರಲ್ಲಿ ಶೇ 3.82. ಇಷ್ಟು ಕಡಿಮೆ ಜನರಲ್ಲಿ ಇಷ್ಟು ಸಣ್ಣ ವ್ಯತ್ಯಾಸಕ್ಕೆ ಏನೂ ಅರ್ಥವಿಲ್ಲ. ನನಗೆ ಇದರಲ್ಲಿ ಕಾಣುವ ಒಳ್ಳೆಯ ಸುದ್ದಿ ಬೇರೆ. ಇಂಜೆಕ್ಷನ್ ಇಲ್ಲದವರಲ್ಲೂ ಸಾವು ಅವರು ಅಂದುಕೊಂಡಿದ್ದಕ್ಕಿಂತ ಬಹಳ ಕಡಿಮೆ ಇತ್ತು. ಸ್ಟೆಂಟ್ ಮತ್ತು ಮಾತ್ರೆಗಳೇ ಆ ಕೆಲಸ ಮಾಡಿದ್ದವು.

ಇನ್ನೊಂದು ಅಧ್ಯಯನ ಹೇಳಲೇಬೇಕು. 2014ರಲ್ಲಿ ಲಂಡನ್ನಿನ ಕೆಲವರು ಇಂಥ 49 ಟ್ರಯಲ್‌ಗಳ ವರದಿಗಳನ್ನು ಕೂತು ಸಾಲು ಸಾಲಾಗಿ ಓದಿದರು. ಕೂಡಿಸಿದರೆ ಹೊಂದದ ಲೆಕ್ಕ, ಒಂದು ಕಡೆ ಒಂದು ಇನ್ನೊಂದು ಕಡೆ ಇನ್ನೊಂದು ಅಂಕಿ, ಹೀಗೆ 600ಕ್ಕೂ ಹೆಚ್ಚು ತಪ್ಪು ಸಿಕ್ಕಿದವು. ತಪ್ಪು ಜಾಸ್ತಿ ಇದ್ದ ಟ್ರಯಲ್‌ಗಳಲ್ಲಿ ಲಾಭವೂ ಜಾಸ್ತಿ! ಒಂದೂ ತಪ್ಪಿಲ್ಲದ ಟ್ರಯಲ್‌ಗಳಲ್ಲಿ ಇಎಫ್ ಲಾಭ ಸೊನ್ನೆ.

ಹಾಗಾದರೆ ಈ ಆಸೆ ಎಲ್ಲಿಂದ ಹುಟ್ಟಿತು? 2001ರಲ್ಲಿ ಅಮೆರಿಕದಲ್ಲಿದ್ದ ಸಂಶೋಧಕ ಪಿಯೆರೊ ಅನ್ವೆರ್ಸಾ ಅವರ ತಂಡ, ಮೂಳೆಮಜ್ಜೆಯ ಜೀವಕೋಶ ಹಾಕಿದರೆ ಇಲಿಯ ಹೃದಯದಲ್ಲಿ ಹೊಸ ಸ್ನಾಯು ಬೆಳೆಯುತ್ತದೆ ಅಂತ ಬರೆಯಿತು. ಮುಂದೆ ಹೃದಯದಲ್ಲೇ ಸ್ಟೆಮ್ ಸೆಲ್ ಇದೆ ಅಂತಲೂ ಹೇಳಿತು. ಜಗತ್ತೇ ಅದರ ಹಿಂದೆ ಓಡಿತು. 2004ರಲ್ಲೇ ಸಿಯಾಟಲ್ ಮತ್ತು ಸ್ಟ್ಯಾನ್‌ಫರ್ಡ್‌ನ ತಂಡಗಳು ಅದೇ ಪ್ರಯೋಗ ಮಾಡಿ ನೋಡಿ, ಆ ಜೀವಕೋಶಗಳು ಹೃದಯದ ಸ್ನಾಯು ಆಗುವುದೇ ಇಲ್ಲ ಅಂದವು. ಆದರೂ ಮನುಷ್ಯರ ಮೇಲಿನ ಟ್ರಯಲ್‌ಗಳು ನಿಲ್ಲಲಿಲ್ಲ. ಕೊನೆಗೆ 2018ರಲ್ಲಿ ಹಾರ್ವರ್ಡ್ ಮೆಡಿಕಲ್ ಸ್ಕೂಲ್ ಮತ್ತು ಅದರ ಜೊತೆಗಿನ ಬ್ರಿಗಮ್ ಆಸ್ಪತ್ರೆ, ಅನ್ವೆರ್ಸಾ ಪ್ರಯೋಗಾಲಯದಿಂದ ಬಂದ 31 ಲೇಖನಗಳಲ್ಲಿ ಸುಳ್ಳು ಅಥವಾ ತಿದ್ದಿದ ಮಾಹಿತಿ ಇದೆ, ವಾಪಸ್ ತೆಗೆಯಿರಿ ಅಂತ ಪತ್ರಿಕೆಗಳಿಗೆ ಬರೆದವು. ಅದರ ಹಿಂದಿನ ವರ್ಷ ಆಸ್ಪತ್ರೆ ಅಮೆರಿಕ ಸರ್ಕಾರಕ್ಕೆ ಒಂದು ಕೋಟಿ ಡಾಲರ್ ಕಟ್ಟಿ ಪ್ರಕರಣ ಇತ್ಯರ್ಥ ಮಾಡಿಕೊಂಡಿತ್ತು. ನಿಮ್ಮ ಅಣ್ಣನಿಗೆ ಕ್ಲಿನಿಕ್ಕಿನವರು ಹೇಳಿದ "ಸ್ಟೆಮ್ ಸೆಲ್ ಹೋಗಿ ಹೃದಯದ ಸ್ನಾಯುವಾಗಿ ಮಾರ್ಪಡುತ್ತದೆ" ಅನ್ನುವ ಮಾತು ಆ ಕಾಲದ್ದು. ಸಂಶೋಧಕರು ಅದನ್ನು ಬಿಟ್ಟು ಬಹಳ ದಿನವಾಯಿತು.

ನಿಜಕ್ಕೂ ಆಗುವುದು ಏನು? ಹೃದಯ ನಿಲ್ಲದೆ ಬಡಿಯುವ ಅಂಗ. ಅದರೊಳಗೆ ಬಿಟ್ಟ ಜೀವಕೋಶಗಳಲ್ಲಿ ಬಹುಪಾಲು ಕೆಲವೇ ಗಂಟೆಗಳಲ್ಲಿ ರಕ್ತದ ಜೊತೆ ಹೊರಟುಹೋಗುತ್ತವೆ. ಭದ್ರಾ ನಾಲೆ ತುಂಬಿ ಹರಿಯುವಾಗ ಅದರೊಳಗೆ ಭತ್ತದ ಸಸಿ ನೆಟ್ಟ ಹಾಗೆ. ನಿಂತ ಅಲ್ಪಸ್ವಲ್ಪವೂ ಕೆಲವು ವಾರದಲ್ಲಿ ಸಾಯುತ್ತವೆ. ಇನ್ನು ಕೈಯ ರಕ್ತನಾಳಕ್ಕೆ ಡ್ರಿಪ್ ಥರ ಕೊಟ್ಟರೆ ಜಾಸ್ತಿ ಪಾಲು ಶ್ವಾಸಕೋಶದಲ್ಲೇ ಸಿಕ್ಕಿಕೊಳ್ಳುತ್ತದೆ. 2019ರಲ್ಲಿ ಸಿನ್ಸಿನಾಟಿಯ ಜೆಫ್ರಿ ಮೊಲ್ಕೆಂಟಿನ್ ತಂಡ ಇಲಿಗಳಲ್ಲಿ ಇನ್ನೂ ಮಜವಾದ ವಿಷಯ ತೋರಿಸಿತು. ಜೀವಂತ ಸ್ಟೆಮ್ ಸೆಲ್ ಹಾಕಿದಾಗ ಆದ ಅಲ್ಪ ಲಾಭ, ಸತ್ತ ಜೀವಕೋಶ ಹಾಕಿದರೂ ಆಯಿತು. ಬರೀ ಉರಿಯೂತ ಎಬ್ಬಿಸುವ ರಾಸಾಯನಿಕ ಹಾಕಿದರೂ ಆಯಿತು. ಚುಚ್ಚಿದ ಜಾಗಕ್ಕೆ ದೇಹದ ರಕ್ಷಣಾ ಕಣಗಳು ಬಂದು ಗಾಯದ ಕಲೆಯನ್ನು ಸ್ವಲ್ಪ ಗಟ್ಟಿ ಮಾಡಿದ್ದೇ ಆ ಲಾಭಕ್ಕೆ ಕಾರಣ.

ನಮ್ಮ ಹೃದಯ ತಾನಾಗಿ ಸ್ನಾಯು ಬೆಳೆಸುವುದೇ ಇಲ್ವಾ ಅಂದರೆ, ಬೆಳೆಸುತ್ತದೆ, ಆದರೆ ಲೆಕ್ಕಕ್ಕೆ ಸಿಗದಷ್ಟು ನಿಧಾನವಾಗಿ. ಇದನ್ನು ಕಂಡುಹಿಡಿದ ರೀತಿ ನನಗೆ ಬಹಳ ಇಷ್ಟ. 1950ರ ದಶಕದಲ್ಲಿ ಮತ್ತು 60ರ ಆರಂಭದಲ್ಲಿ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಅನ್ನುವ ವಿಕಿರಣಶೀಲ ಇಂಗಾಲ ಹೆಚ್ಚಾಗಿ, ನಿಷೇಧವಾದ ಮೇಲೆ ಇಳಿಯುತ್ತಾ ಬಂತು. ಜೀವಕೋಶ ಹುಟ್ಟಿದ ವರ್ಷದ ಗಾಳಿಯ ಗುರುತು ಅದರ ಡಿಎನ್ಎಯಲ್ಲಿ ಉಳಿಯುತ್ತದೆ. ಸ್ವೀಡನ್ನಿನ ಯೋನಾಸ್ ಫ್ರಿಸೆನ್ ತಂಡ 2009ರಲ್ಲಿ ಅದನ್ನು ಅಳೆದು, 25ರ ವಯಸ್ಸಿನಲ್ಲಿ ವರ್ಷಕ್ಕೆ ಶೇ 1ರಷ್ಟು, 75ರಲ್ಲಿ ಶೇ 0.45ರಷ್ಟು ಸ್ನಾಯುಕೋಶಗಳು ಹೊಸದಾಗುತ್ತವೆ ಅಂತ ತೋರಿಸಿತು. ಒಂದು ದೊಡ್ಡ ಅಟ್ಯಾಕ್‌ನಲ್ಲಿ ಸಾಯುವುದು ನೂರು ಕೋಟಿ ಸ್ನಾಯುಕೋಶಗಳವರೆಗೆ. ಎಲ್ಲಿಂದ ಎಲ್ಲಿಗೆ! ಜೀಬ್ರಾಮೀನಿನ ಹೃದಯದ ಐದನೇ ಒಂದು ಭಾಗ ಕತ್ತರಿಸಿದರೂ ಎರಡು ತಿಂಗಳಲ್ಲಿ ಮತ್ತೆ ಬೆಳೆಯುತ್ತದೆ. ಒಂದು ದಿನದ ಇಲಿಮರಿಗೂ ಆ ಶಕ್ತಿ ಇದೆ, ವಾರ ತುಂಬುವುದರೊಳಗೆ ಹೋಗುತ್ತದೆ. ಆ ಶಕ್ತಿಯನ್ನು ಮತ್ತೆ ಎಬ್ಬಿಸಲು ಜೀನ್ ಮಟ್ಟದಲ್ಲಿ ಪ್ರಯತ್ನ ನಡೆದಿದೆ. 2019ರಲ್ಲಿ ಮೌರೊ ಜಾಕ್ಕಾ ತಂಡ ಹಂದಿಗಳಲ್ಲಿ ಮಾಡಿದಾಗ ಸ್ನಾಯು ನಿಜವಾಗಿಯೂ ಬೆಳೆಯಿತು. ಆದರೆ ಅದನ್ನು ನಿಲ್ಲಿಸುವ ದಾರಿ ಇರಲಿಲ್ಲ. ಆಮೇಲೆ ಹೆಚ್ಚಿನ ಹಂದಿಗಳು ಬಡಿತದ ಲಯ ತಪ್ಪಿ ಹಠಾತ್ತನೆ ಸತ್ತವು.

ಈಗ ನೀವು ಓದಿದ ಜಪಾನಿನ ಹಾಳೆ. ಇದು ಕ್ಲಿನಿಕ್ಕಿನ ಇಂಜೆಕ್ಷನ್‌ಗಿಂತ ಪೂರ್ತಿ ಬೇರೆ ಜಾತಿ. ಶಿನ್ಯಾ ಯಮನಾಕಾ 2006ರಲ್ಲಿ ಇಲಿಯ ಚರ್ಮದ ಜೀವಕೋಶವನ್ನು ಹಿಂದಕ್ಕೆ ತಿರುಗಿಸಿ, ಯಾವ ಅಂಗವಾದರೂ ಆಗಬಲ್ಲ ಐಪಿಎಸ್ ಜೀವಕೋಶ ಮಾಡಿದರು. ಮುಂದಿನ ವರ್ಷ ಮನುಷ್ಯರದ್ದೂ ಆಯಿತು, 2012ರಲ್ಲಿ ನೊಬೆಲ್ ಬಂತು. ಅದರಿಂದ ಪ್ರಯೋಗಾಲಯದಲ್ಲಿ ಹೃದಯದ ಸ್ನಾಯು ಬೆಳೆಸಬಹುದು. ಡಬ್ಬಿಯಲ್ಲಿ ಅದು ತಾನೇ ಬಡಿಯುತ್ತದೆ, ಕಣ್ಣಿಗೆ ಕಾಣುತ್ತದೆ. ಒಸಾಕಾದ ಯೋಶಿಕಿ ಸಾವಾ ತಂಡ ಅಂಥ ಸ್ನಾಯುವಿನ ತೆಳು ಹಾಳೆಯನ್ನು 2020ರ ಜನವರಿಯಲ್ಲಿ ಮೊದಲ ರೋಗಿಯ ಹೃದಯದ ಮೇಲೆ ಹೊದಿಸಿತು. ಒಟ್ಟು ಎಂಟು ಜನರಿಗೆ ಮಾಡಿ, 2025ರ ಏಪ್ರಿಲ್‌ನಲ್ಲಿ ಅದರ ಕಂಪನಿ ಕುವೋರಿಪ್ಸ್ ಮಾರಾಟದ ಅನುಮತಿಗೆ ಅರ್ಜಿ ಹಾಕಿತು. ಎಂಟು ಜನ, ಹೋಲಿಸಿ ನೋಡಲು ಬೇರೆ ಗುಂಪಿಲ್ಲ. ನಾನಾದರೆ ಇದನ್ನು ನೋಡಿ ಕುಣಿಯುವುದಿಲ್ಲ. ಜಪಾನಿನಲ್ಲಿ ಕಡಿಮೆ ಸಾಕ್ಷ್ಯದ ಮೇಲೆ ಷರತ್ತಿನ ಅನುಮತಿ ಕೊಡುವ ಪದ್ಧತಿ ಇದೆ. ತೊಡೆಯ ಸ್ನಾಯುವಿನಿಂದ ಮಾಡಿದ ಹಾರ್ಟ್‌ಶೀಟ್ ಅನ್ನುವ ಇನ್ನೊಂದು ಹಾಳೆಗೆ 2015ರಲ್ಲಿ ಹಾಗೆಯೇ ಅನುಮತಿ ಸಿಕ್ಕಿತ್ತು. ಪರಿಣಾಮ ಸಾಬೀತಾಗಲಿಲ್ಲ ಅಂತ 2024ರಲ್ಲಿ ಅದನ್ನು ಮಾರುಕಟ್ಟೆಯಿಂದ ತೆಗೆದರು.

ನನಗೆ ಹೆಚ್ಚು ಭರವಸೆ ಇರುವುದು ಜರ್ಮನಿಯ ಗೊಟ್ಟಿಂಗೆನ್ ಕೆಲಸದಲ್ಲಿ. ವೋಲ್ಫ್ರಾಮ್ ಝಿಮ್ಮರ್‌ಮಾನ್ ತಂಡ ದಪ್ಪನೆಯ ಸ್ನಾಯುವಿನ ತೇಪೆ ಮಾಡಿ ಹೃದಯಕ್ಕೆ ಹೊಲಿಯುತ್ತದೆ. 46 ವರ್ಷದ ಒಬ್ಬ ಮಹಿಳೆಗೆ 40 ಕೋಟಿ ಜೀವಕೋಶಗಳ ತೇಪೆ ಹಾಕಿದ್ದರು. ಮೂರು ತಿಂಗಳ ನಂತರ ಆಕೆಗೆ ಬದಲಿ ಹೃದಯ ಸಿಕ್ಕಿತು. ತೆಗೆದ ಹಳೇ ಹೃದಯವನ್ನು ಕೊಯ್ದು ನೋಡಿದರೆ ತೇಪೆಯ ಸ್ನಾಯು ಬದುಕಿತ್ತು, ಅದರೊಳಗೆ ರಕ್ತನಾಳಗಳೂ ಬೆಳೆದಿದ್ದವು. 2025ರ ಜನವರಿಯಲ್ಲಿ ಇದು ಪ್ರಕಟವಾಯಿತು. ಮನುಷ್ಯನ ಹೃದಯದ ಮೇಲೆ ಹೊಸ ಸ್ನಾಯು ನಿಂತದ್ದಕ್ಕೆ ಇಂಥ ಸಾಕ್ಷಿ ಮೊದಲು ಇರಲಿಲ್ಲ. ಆದರೆ ಇದು ಬೇರೆಯವರ ಜೀವಕೋಶ. ತಿರಸ್ಕಾರ ಆಗದಂತೆ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತಿನ್ನುತ್ತಲೇ ಇರಬೇಕು. ಸದ್ಯ ಇದನ್ನು ಮಾಡುತ್ತಿರುವುದು ಹೃದಯ ಪೂರ್ತಿ ಸೋತು, ಬೇರೆ ದಾರಿ ಇಲ್ಲದವರಿಗೆ. ಸ್ನಾಯುಕೋಶಗಳನ್ನು ನೇರವಾಗಿ ಹೃದಯಕ್ಕೆ ಚುಚ್ಚುವ ದಾರಿಯಲ್ಲಿ ಇನ್ನೊಂದು ತೊಡಕು ಇದೆ. ಸಿಯಾಟಲ್‌ನ ಚಾರ್ಲ್ಸ್ ಮರ್ರಿ ತಂಡ ಕೋತಿಗಳಲ್ಲಿ ಹಾಗೆ ಮಾಡಿದಾಗ ಇಎಫ್ ಚೆನ್ನಾಗಿಯೇ ಏರಿತು, ಆದರೆ ಹೊಸ ಸ್ನಾಯು ತನ್ನದೇ ತಾಳದಲ್ಲಿ ಬಡಿದು ಕೆಲವು ವಾರ ಲಯ ಕೆಡಿಸಿತು.

ನಮ್ಮಲ್ಲೂ ಕೆಲಸ ನಡೆದಿದೆ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಕಂಪನಿ ಅಟ್ಯಾಕ್ ಆದ 20 ಜನರ ಮೇಲೆ ಮೂಳೆಮಜ್ಜೆಯ ಜೀವಕೋಶದ ಟ್ರಯಲ್ ಮಾಡಿ, 2015ರಲ್ಲಿ ಫಲಿತಾಂಶ ಪ್ರಕಟಿಸಿತು. ತೊಂದರೆ ಆಗಲಿಲ್ಲ, ಇಎಫ್‌ನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೂ ಕಾಣಲಿಲ್ಲ. ಅದನ್ನು ಇದ್ದ ಹಾಗೆ ಬರೆದರು. ಕೆಲಸ ಹೀಗಿರಬೇಕು.

ನೀವು ಕ್ಲಿನಿಕ್ಕಿನವರಿಗೆ ಕೇಳಬೇಕಾದ ಪ್ರಶ್ನೆ ಇಲ್ಲೇ ಇದೆ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರಲ್ಲಿ ಹೊರಡಿಸಿದ ಮಾರ್ಗಸೂಚಿ ಪ್ರಕಾರ ರಕ್ತದ ಕೆಲವು ಕಾಯಿಲೆಗಳಂಥವಕ್ಕೆ ಮಾಡುವ ಮೂಳೆಮಜ್ಜೆ ಕಸಿ ಬಿಟ್ಟರೆ ಬೇರೆ ಸ್ಟೆಮ್ ಸೆಲ್ ಬಳಕೆ ಅನುಮತಿ ಪಡೆದ ಟ್ರಯಲ್‌ನಲ್ಲಿ ಮಾತ್ರ ನಡೆಯಬೇಕು. ಟ್ರಯಲ್ ಅಂದ ಮೇಲೆ ರೋಗಿಯ ಹತ್ತಿರ ಅದಕ್ಕೆ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ. ಆದ್ದರಿಂದ "ನಿಮ್ಮ ಟ್ರಯಲ್‌ನ ಸಿಟಿಆರ್‌ಐ ನೋಂದಣಿ ಸಂಖ್ಯೆ ಕೊಡಿ" ಅಂತ ಕೇಳಿ. ಸಿಟಿಆರ್‌ಐ ಅಂದರೆ ದೇಶದ ಟ್ರಯಲ್‌ಗಳನ್ನು ನೋಂದಾಯಿಸುವ ಸರ್ಕಾರಿ ವೆಬ್‌ಸೈಟು. ಕೊಟ್ಟರೆ ಆ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ತೆಗೆದು ನೋಡಬಹುದು. ಸಂಖ್ಯೆ ಇದ್ದೂ ನಾಲ್ಕೂವರೆ ಲಕ್ಷ ಕೇಳಿದರೆ ಅದೂ ನಿಯಮಕ್ಕೆ ವಿರುದ್ಧವೇ. ಮಾತು ತಿರುಗಿಸಿದರೆ ಎದ್ದು ಬನ್ನಿ.

ಇನ್ನು ಅಪ್ಪ ಬಿಟ್ಟಿರುವ ಮಾತ್ರೆ. ನಿಮ್ಮ ಪತ್ರದಲ್ಲಿ ನನಗೆ ತಲೆಬಿಸಿ ಆಗಿದ್ದು ಇದೊಂದೇ. ಡಪಾಗ್ಲಿಫ್ಲೋಜಿನ್ ಶುಗರ್ ಮಾತ್ರೆಯಾಗಿ ಬಂದದ್ದು ಹೌದು, ಮೆಡಿಕಲ್ ಶಾಪಿನವರದ್ದು ಸುಳ್ಳಲ್ಲ. ಆದರೆ 2019ರಲ್ಲಿ ಡಪಾ-ಎಚ್‌ಎಫ್ ಅನ್ನುವ ಟ್ರಯಲ್ ಬಂತು. ಇಎಫ್ 40 ಅಥವಾ ಅದಕ್ಕಿಂತ ಕಡಿಮೆ ಇದ್ದ 4744 ಜನ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಶುಗರ್ ಇರಲಿಲ್ಲ. ಸುಮಾರು ಒಂದೂವರೆ ವರ್ಷದಲ್ಲಿ, ಹೃದಯದ ಕಾರಣಕ್ಕೆ ಸತ್ತವರು ಅಥವಾ ಹಾರ್ಟ್ ಫೇಲ್ಯೂರ್ (ಹೃದಯದ ಪಂಪ್ ಶಕ್ತಿ ಕುಂದುವುದು) ಜಾಸ್ತಿಯಾದವರು ಔಷಧ ಇಲ್ಲದ ಸುಳ್ಳುಮಾತ್ರೆ ನುಂಗಿದವರಲ್ಲಿ ನೂರಕ್ಕೆ 21, ಈ ಮಾತ್ರೆ ನುಂಗಿದವರಲ್ಲಿ 16. ಶುಗರ್ ಇಲ್ಲದವರಿಗೂ ಅಷ್ಟೇ ಲಾಭ. ಇಷ್ಟು ಗಟ್ಟಿ ಫಲಿತಾಂಶ ಯಾವ ಸ್ಟೆಮ್ ಸೆಲ್‌ಗೂ ಸಿಕ್ಕಿಲ್ಲ. ಪೇಟೆಂಟ್ ಮುಗಿದ ಮೇಲೆ ನಮ್ಮಲ್ಲಿ ಬೆಲೆಯೂ ಬಹಳ ಇಳಿದಿದೆ. ನಾಳೆಯೇ ನಿಮ್ಮ ಕಾರ್ಡಿಯಾಲಜಿಸ್ಟ್‌ಗೆ ಫೋನ್ ಮಾಡಿ, ನಿಲ್ಲಿಸಿದ್ದು ಹೇಳಿ, ಮತ್ತೆ ಶುರು ಮಾಡುವುದನ್ನು ಕೇಳಿ. ನೀವಾಗಿಯೇ ಶುರು ಮಾಡಬೇಡಿ.

ಚೀಟಿಯಲ್ಲಿ ಇರಬೇಕಾದದ್ದು ಇನ್ನೂ ಮೂರು ಬಗೆ. ಮೆಟೊಪ್ರೊಲಾಲ್ ಅಥವಾ ಕಾರ್ವೆಡಿಲಾಲ್ ಥರದ ಬೀಟಾ ಬ್ಲಾಕರ್, ರಾಮಿಪ್ರಿಲ್ ಅಥವಾ ಸಕುಬಿಟ್ರಿಲ್-ವಾಲ್ಸಾರ್ಟಾನ್, ಮತ್ತೆ ಸ್ಪೈರೊನೊಲ್ಯಾಕ್ಟೋನ್ ಅಥವಾ ಎಪ್ಲೆರಿನೋನ್. ನಿಮ್ಮ ಚೀಟಿಯಲ್ಲಿ ಮೊದಲೆರಡು ಇವೆ, ತೀರಾ ಕಡಿಮೆ ಡೋಸಿನಲ್ಲಿ. ಆಸ್ಪತ್ರೆಯಿಂದ ಕಳಿಸುವಾಗ ಹಾಗೇ ಶುರು ಮಾಡುತ್ತಾರೆ. ಆಮೇಲೆ ಎರಡು ವಾರಕ್ಕೊಮ್ಮೆ ಬಿಪಿ, ರಕ್ತದ ಪೊಟ್ಯಾಸಿಯಮ್, ಕ್ರಿಯಾಟಿನಿನ್ (ಕಿಡ್ನಿಯ ಪರೀಕ್ಷೆ) ನೋಡಿಕೊಂಡು ಏರಿಸುತ್ತಾ ಹೋಗಬೇಕು. ನಮ್ಮಲ್ಲಿ ಜಾಸ್ತಿ ಜನ ಅದೇ ಡೋಸಿನಲ್ಲಿ ವರ್ಷ ಕಳೆಯುತ್ತಾರೆ, ಚೀಟಿ ತೋರಿಸಿ ಅದೇ ಮಾತ್ರೆ ತರುತ್ತಾರೆ. ಹಿಗ್ಗಿದ ಹೃದಯ ಮತ್ತೆ ಕುಗ್ಗಿ ಇಎಫ್ ಏರುವುದು ಈ ಮಾತ್ರೆಗಳು ಸರಿಯಾದ ಡೋಸಿಗೆ ಬಂದಾಗ. ಸ್ಟೆಂಟ್‌ಗೆ ಕೊಟ್ಟ ರಕ್ತ ತೆಳು ಮಾಡುವ ಎರಡು ಮಾತ್ರೆ ಮಾತ್ರ ಒಂದು ದಿನವೂ ತಪ್ಪಬಾರದು. ಬೀಡಿ, ಹೊಗೆಸೊಪ್ಪು ಇದ್ದರೆ ಇವತ್ತೇ ಬಿಡಿಸಿ. ದಿನಾ ಬೆಳಿಗ್ಗೆ ತೂಕ ನೋಡಿ ಬರೆದಿಡಿ. ಎರಡು ಮೂರು ದಿನದಲ್ಲಿ ಎರಡು ಕೆಜಿ ಏರಿದರೆ, ಕಾಲು ಊದಿದರೆ, ಮಲಗಿದಾಗ ಉಸಿರು ಕಟ್ಟಿದರೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ.

ಊರಿನ ಬೇರೆಯವರಿಗೂ ಒಂದು ಮಾತು ಹೇಳಿ. ಸ್ನಾಯು ಉಳಿಸುವ ಇಂಜೆಕ್ಷನ್ ನಿಜಕ್ಕೂ ಇದೆ, ಟೆನೆಕ್ಟಿಪ್ಲೇಸ್ ಅಂತ. ರಕ್ತನಾಳದ ಹೆಪ್ಪು ಕರಗಿಸುತ್ತದೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ನೋಡಿ ಅದನ್ನು ಉಚಿತವಾಗಿ ಕೊಡುತ್ತಾರೆ. ಎದೆನೋವು ಬಂದ ಮೊದಲ ಒಂದೆರಡು ಗಂಟೆಯಲ್ಲಿ ಕೊಟ್ಟರೆ ಲಾಭ ಜಾಸ್ತಿ. ಗ್ಯಾಸ್ಟ್ರಿಕ್ಕೋ ಅಟ್ಯಾಕೋ ಅಂತ ಮನೆಯಲ್ಲಿ ಕೂತು ತೀರ್ಮಾನ ಮಾಡುವುದು ಬೇಡ.

ನಿಮ್ಮ ಮನೆಯ ವಿಷಯಕ್ಕೆ ಬಂದರೆ, ಸ್ಟೆಂಟ್ ಹಾಕಿ ಮೂರು ತಿಂಗಳು ತುಂಬಿದ ಮೇಲೆ, ಅಂದರೆ ಇನ್ನೊಂದು ತಿಂಗಳಿಗೆ, ಎಕೋ ಮಾಡಿಸಿ. ಸಾಧ್ಯವಾದರೆ ಮೊದಲು ಮಾಡಿದ ಆಸ್ಪತ್ರೆಯಲ್ಲೇ. ಉಸಿರು ಕಟ್ಟುವುದು ಜಾಸ್ತಿಯಾದರೆ ಅಲ್ಲಿಯವರೆಗೂ ಕಾಯುವುದು ಬೇಡ. ಸತ್ತ ಭಾಗ ಎಷ್ಟು ಅಂತ ಖಚಿತ ಬೇಕಿದ್ದರೆ ಕಾರ್ಡಿಯಾಕ್ ಎಂಆರ್‌ಐ ಹೇಳುತ್ತದೆ. ಎಲ್ಲರಿಗೂ ಅದು ಬೇಕಾಗುವುದಿಲ್ಲ. ಇಎಫ್ 40 ದಾಟಿದ್ದರೆ ಮಾತ್ರೆ ಮುಂದುವರಿಸಿ, ಏರಿತು ಅಂತ ಬಿಡಬೇಡಿ. ಮಾತ್ರೆಗಳು ಸರಿಯಾದ ಡೋಸಿಗೆ ಬಂದ ಮೇಲೂ 35 ಅಥವಾ ಅದಕ್ಕಿಂತ ಕಡಿಮೆಯೇ ಇದ್ದರೆ ಐಸಿಡಿ ಅನ್ನುವ ಸಾಧನದ ಮಾತು ಬರುತ್ತದೆ. ಭುಜದ ಕೆಳಗೆ ಚರ್ಮದೊಳಗೆ ಕೂರಿಸುತ್ತಾರೆ, ಹೃದಯದ ಲಯ ಹಠಾತ್ತನೆ ಕೆಟ್ಟರೆ ಶಾಕ್ ಕೊಟ್ಟು ಸರಿಮಾಡುತ್ತದೆ. ಅದಕ್ಕೆ ಲಕ್ಷಗಳಲ್ಲಿ ಖರ್ಚಿದೆ. ನಿಮ್ಮ ಕಾರ್ಡಿಗೆ ಸರ್ಕಾರಿ ಯೋಜನೆಯಲ್ಲಿ ಎಷ್ಟು ಸಿಗುತ್ತದೆ ಅಂತ ಆಸ್ಪತ್ರೆಯ ಆರೋಗ್ಯ ಮಿತ್ರ ಕೌಂಟರಿನಲ್ಲಿ ಈಗಲೇ ಕೇಳಿಟ್ಟುಕೊಳ್ಳಿ. ಹೊಸ ಎಕೋ ವರದಿ ಮತ್ತು ಈಗ ತಿನ್ನುತ್ತಿರುವ ಮಾತ್ರೆಗಳ ಪಟ್ಟಿ ಎರಡನ್ನೂ ಕಳಿಸಿದರೆ ಮುಂದಿನದನ್ನು ಬರೆಯುತ್ತೇನೆ.